ದಾವಲಸಾಬರ ಕಡೀ ನುಡಿ

ಹೋದ ವಾರ ಕಣ್ಣು ತೋರಿಸಲು ಗಂಗಾವತಿಗೆ ಹೋಗಿದ್ದೆ. ಡಾಕ್ಟರು ಎರಡೂ ಕಣ್ಣಿಗೆ ಔಷಧಿ ಬಿಟ್ಟು, ಜಗತ್ತನ್ನೆಲ್ಲ ಮಸುಕು ಮಾಡಿ, "ಹೊರಗ ಕುಂದರ್ರಿ ಯಜಮಾನ್ರ, ಕರೀತೀವಿ" ಎಂದು ಬೆಂಚಿನ ಮೇಲೆ ಕಳಿಸಿದರು. ಹಾಗೆ ಕುರುಡನಂತೆ ಕೂತಿದ್ದಾಗ ಆಸ್ಪತ್ರೆಯ ಹಿಂದಿನ ಸಂದಿಯಿಂದ ಒಂದು ವಾಸನೆ ಬಂತು. ಸುಟ್ಟ ಪೇಪರಿನದು, ಅದರ ಜೊತೆಗೆ ಬಿಸಿಯಾದ ಚರ್ಮದ್ದು. ಯಾರೋ ದಪ್ಪು ಕಾಯಿಸುತ್ತಿದ್ದರು. ಮಳೆಗಾಲದಲ್ಲಿ ಈ ಕೈವಾದ್ಯದ ಚರ್ಮ ಸಡಿಲಾಗಿ, ಬಡಿದರೆ ಹಸಿ ಗೋಡೆಗೆ ಸೆಗಣಿ ಎಸೆದಂಥ ಸದ್ದು ಬರುತ್ತದೆ. ಅದಕ್ಕೆ ಬೆಂಕಿ ತೋರಿಸಿ ಬಿಗಿ ಮಾಡಬೇಕು. ಕಣ್ಣು ರಜೆಯ ಮೇಲಿದ್ದ ಹೊತ್ತಿನಲ್ಲಿ ಮೂಗೊಂದೇ ಕೆಲಸ ಮಾಡುತ್ತಿದ್ದರಿಂದ, ನಾನು ಮರೆತೆ ಎಂದುಕೊಂಡಿದ್ದ ಆ ಒಂದು ವರ್ಷವನ್ನು ಅದು ತಂದು ಮುಂದೆ ಸುರಿಯಿತು. ಒಂದು ಅಲಾಯಿ ಹಬ್ಬದಿಂದ, ಅಂದರೆ ಮೊಹರಮ್ಮಿನಿಂದ, ಇನ್ನೊಂದು ಅಲಾಯಿ ಹಬ್ಬದವರೆಗಿನ ವರ್ಷ. ನಮ್ಮ ಯಮನೂರ ದೊಡ್ಡ ಮನುಷ್ಯನಾದ ವರ್ಷ.

ನಾನು ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಹೆಸರು ಬಸಣ್ಣ, ಹನುಮಸಾಗರದಲ್ಲಿ 'ಕಂಡಕ್ಟರ್ ಕಾಕಾ' ಎಂದರೆ ಮಾತ್ರ ಗುರುತು. ಕುಷ್ಟಗಿಯಿಂದ ಹನುಮಸಾಗರಕ್ಕೆ, ಹನುಮಸಾಗರದಿಂದ ಕುಷ್ಟಗಿಗೆ, "ಒಳಗ ಸರೀರಿ, ಒಳಗ ಜಾಗ ಐತಿ" ಎಂಬ ಸುಳ್ಳನ್ನು ಜೀವಮಾನವೆಲ್ಲ ಹೇಳಿ ನನ್ನ ಗಂಟಲು ಗಟ್ಟಿಯಾಗಿತ್ತು. ಸರಕಾರ ನನಗೆ ನಿವೃತ್ತಿ ಕೊಟ್ಟಿತು, ಗಂಟಲಿಗೆ ಕೊಡಲಿಲ್ಲ. ಮನೆಯಲ್ಲಿ ಕೂತು "ಚಾ ತಾ" ಎಂದರೂ ಓಣಿಯ ತುದಿಯಲ್ಲಿ ಜನ ಬ್ಯಾಗು ಎತ್ತಿಕೊಂಡು ನಿಲ್ಲುತ್ತಿದ್ದರು. ಆ ಗಂಟಲಿಗೆ ಒಂದು ಗೌರವದ ಹುದ್ದೆ ಕೊಟ್ಟವರು ದಾವಲಸಾಬರು. ತಮ್ಮ ಹಾಡಿನ ಮ್ಯಾಳದಲ್ಲಿ ಹಿಮ್ಮೇಳದವನನ್ನಾಗಿ ಮಾಡಿಕೊಂಡರು.

ದಾವಲಸಾಬರು ಕಸಬಿನಿಂದ ಪಿಂಜಾರರು. ಬಜಾರದ ಓಣಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಹತ್ತಿ ಹಿಂಜುವ ಯಂತ್ರದ ಗದ್ದಲಕ್ಕೆ ಒಂದು ಕಿವಿ ಪೂರಾ ಹೋಗಿತ್ತು, ಧೂಳಿಗೆ ಎದೆ ಅರ್ಧ ಹೋಗಿತ್ತು. ಉಳಿದ ಒಂದು ಕಿವಿ, ಅರ್ಧ ಎದೆಯಲ್ಲೇ ಅವರು ಪದ ಕಟ್ಟುತ್ತಿದ್ದರು. ಬರೆದುಕೊಳ್ಳುವ ಚಟ ಇರಲಿಲ್ಲ. ಗಾದಿ ಹೊಲಿಯುತ್ತ ಹೊಲಿಯುತ್ತ ಬಾಯಲ್ಲಿ ಸಾಲು ತಿರುವುತ್ತಿದ್ದರು. ಗಾದಿ ಮುಗಿಯುವುದಕ್ಕೂ ಪದ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಅಲಾಯಿಗೆ ಅಲಾಯಿ ಪದ, ಶ್ರಾವಣಕ್ಕೆ ಭಜನಿ, ನಡುವೆ ಮದುವೆ ಸೀಮಂತಗಳಿಗೆ ಇನ್ನೊಂದಿಷ್ಟು. ನಮ್ಮ ಮ್ಯಾಳದಲ್ಲಿ ಎಲ್ಲ ಜಾತಿಯವರೂ ಇದ್ದರು. ತಾಳ ತಪ್ಪಿಸುವುದರಲ್ಲಿ ಮಾತ್ರ ಯಾವ ಭೇದಭಾವವೂ ಇರಲಿಲ್ಲ.

ನಮ್ಮ ಕಡೆಯ ಪದಗಳಿಗೆ ಕೊನೆಯಲ್ಲಿ ಒಂದು ಕಡೀ ನುಡಿ ಇರುತ್ತದೆ. ಪದ ಕಟ್ಟಿದವನ ಊರು, ಹೆಸರು ಅದರಲ್ಲಿ ಬರಬೇಕು. ಪುಸ್ತಕದ ಮೊದಲ ಹಾಳೆಯಲ್ಲಿ ಲೇಖಕ, ಪ್ರಕಾಶಕ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ ಎಂದೆಲ್ಲ ಇರುತ್ತದಲ್ಲ, ಅದಷ್ಟೂ ನಮ್ಮಲ್ಲಿ ಆ ಎರಡು ಸಾಲಿನಲ್ಲೇ ಮುಗಿಯುತ್ತದೆ. ಅಳವಂಡಿಯ ಮ್ಯಾಳದವರಿಗೂ ನಮಗೂ ಹಾವು ಮುಂಗುಸಿಯ ಸ್ನೇಹ. ಆದರೂ ಅವರು ನಮ್ಮ ಪದ ಹಾಡಿದರೆ ಹಲ್ಲು ಕಚ್ಚಿಯಾದರೂ ಕಡೀ ನುಡಿಯಲ್ಲಿ ದಾವಲಸಾಬರ ಹೆಸರು ಹೇಳಿಯೇ ಇಳಿಯುತ್ತಿದ್ದರು. ದಾವಲಸಾಬರು ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದರು. ಪದ ಕಟ್ಟಿದವನು ತನ್ನ ಹೆಸರನ್ನು ತಾನು ಹಾಡಿಕೊಳ್ಳಬಾರದು. ಊರಿನ ಹೆಸರಿರುವ ಮೊದಲ ಸಾಲನ್ನು ಹಿಮ್ಮೇಳದವನು ಎತ್ತಬೇಕು, ಅವರ ಹೆಸರಿರುವ ಎರಡನೆಯ ಸಾಲನ್ನು ಮುಂದಿನ ಹಾಡುಗಾರ ಇಳಿಸಬೇಕು. ಎತ್ತಿದವನೇ ಇಳಿಸುವಂತಿಲ್ಲ. "ಒಬ್ಬನ ಸಾಕ್ಷಿ ಕೋರ್ಟಿನ್ಯಾಗೂ ನಡ್ಯಂಗಿಲ್ಲ ಬಸಣ್ಣ" ಎನ್ನುತ್ತಿದ್ದರು.

ಎತ್ತುವವನು ನಾನು. ಇಳಿಸುವವನು ಯಮನೂರ.

ಯಮನೂರ ಆಗ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತಂದೆ ಹೋದಾಗ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ತಾಯಿ ಕೂಲಿಗೆ ಹೋದ ಹೊತ್ತೆಲ್ಲ ದಾವಲಸಾಬರ ಹತ್ತಿಯ ರಾಶಿಯ ಮೇಲೆ ಬಿದ್ದು ಬೆಳೆದ. ಸಾಬರ ಹೆಂಡತಿ ಖಾಸಿಂಬಿ ತನ್ನ ಮಕ್ಕಳಿಗೆ ಎಷ್ಟು ರೊಟ್ಟಿ ಬಡಿಯುತ್ತಿದ್ದಳೋ ಅವನಿಗೂ ಅಷ್ಟೇ ಬಡಿಯುತ್ತಿದ್ದಳು, ಬೈಗುಳವನ್ನೂ ಸರಿಸಮ ಹಂಚುತ್ತಿದ್ದಳು. ದನಿ ಮಾತ್ರ ಅವನ ಸ್ವಂತದ್ದು. ಮೇಲಿನ ಸ್ವರಕ್ಕೆ ಹೋದಾಗ ಎಲ್ಲರ ದನಿ ತೆಳ್ಳಗಾಗುತ್ತದೆ; ಅವನದು ಅಲ್ಲಿಗೆ ಹೋಗಿ ಕಾಲು ಚಾಚಿ ಕೂರುತ್ತಿತ್ತು. ಎತ್ತಿ ಆಡಿಸಿದ ಗುರುವೇ ಅವನ ದನಿ ಕೇಳಿ ಸೂಜಿ ನಿಲ್ಲಿಸುವುದನ್ನು ನಾನು ನೋಡಿದ್ದೇನೆ.

ಆ ವರ್ಷ ದಾವಲಸಾಬರು ಕಿರಿಯ ಮಗಳನ್ನು ನವಲಿಯ ಕಡೆ ಕೊಟ್ಟರು. ಅವಳಿಗೆಂದು ಹೊಲಿದ ಗಾದಿಯ ಜೊತೆಗೆ ಒಂದು ಪದವೂ ಹುಟ್ಟಿತು.

ಹಗರಾದ ಹತ್ತೀಲಿ ಹೊಲದೇನ ಗಾದಿ,
ಹೆಂಗ ತುಂಬಲಿ ಮಗಳ ಅದರಾಗ ತವರೀನ ಹಾದಿ.

ಹೀಗೆ ಶುರುವಾಗಿ, ಒಂದೊಂದು ನುಡಿಗೆ ಒಂದೊಂದು ಹೊಲಿಗೆಯಂತೆ ಸಾಗಿ, ಕಡೆಗೆ ನನ್ನ ಬಳಿ ಬರುತ್ತಿತ್ತು:

ಊರು ಹನುಮಸಾಗರ, ಹೊಲಿಗಿಗಿಲ್ಲ ಸವಾಲ,
ಕಡಿ ದಾರಕ ಗಂಟ ಹಾಕ್ಯಾನ ಪಿಂಜಾರ ದಾವಲ.

'ಹೊಲಿಗಿಗಿಲ್ಲ ಸವಾಲ' ಎಂಬುದು ಸ್ವಲ್ಪ ಜಂಬದ ಮಾತಾಯಿತು ಎಂದು ನಾನು ಸೂಚಿಸಿದ್ದೆ. "ಜಂಬ ಅಲ್ಲೋ, ಅದು ಗ್ಯಾರಂಟಿ" ಎಂದರು.

ಆ ಮಳೆಗಾಲ ನಮ್ಮ ಒಣ ಸೀಮೆಗೆ ತಕ್ಕುದಲ್ಲದ ಮಳೆಗಾಲ. ಸಜ್ಜೆ ತೆನೆ ಹೊಲದಲ್ಲೇ ಮೊಳಕೆ ಒಡೆಯುವಷ್ಟು ಹುಯ್ದಿತು. ಟ್ರ್ಯಾಕ್ಟರಿಗೆ ಕೆಲಸವಿಲ್ಲ, ಹಸಿ ಹವೆಯಲ್ಲಿ ಹತ್ತಿ ಹಿಂಜುವಂತಿಲ್ಲ. ಹೀಗಾಗಿ ಮ್ಯಾಳವೆಲ್ಲ ಮಧ್ಯಾಹ್ನವೇ ಅಂಗಡಿಗೆ ಬಂದು ಕೂರುತ್ತಿತ್ತು. ಬಾಗಿಲಲ್ಲಿ ಪೇಪರ್ ಸುಟ್ಟು ದಪ್ಪು ಕಾಯಿಸುವುದು, ಅದು ಆರುವುದರೊಳಗೆ ಒಂದು ಪದ ಹಾಡುವುದು, ಮತ್ತೆ ಕಾಯಿಸುವುದು. ಖಾಸಿಂಬಿ ಒಳಗಿನಿಂದ, "ಪೇಪರ್ ಸುಡೂದು ಬಿಟ್ಟು ಒಮ್ಮ್ಯಾದ್ರೂ ಓದಿದ್ರ ನೀವೆಲ್ಲಾ ಶಾಣ್ಯಾರ ಆಗತಿದ್ರಿ" ಎಂದು ಚಾ ಕಳಿಸುತ್ತಿದ್ದಳು. ತಗಡಿನ ಮೇಲೆ ಮಳೆಯ ಸದ್ದು ಜಾಸ್ತಿಯಾದರೆ ದಾವಲಸಾಬರು ಕೇಳುವ ಕಿವಿಯನ್ನು ಯಮನೂರನ ಬಾಯಿಯ ಹತ್ತಿರ ಹಿಡಿದು ಕೂರುತ್ತಿದ್ದರು. ಅಷ್ಟು ಹತ್ತಿರದಿಂದ ತನ್ನ ಪದ ಕೇಳಿದ ಕವಿ ಇನ್ನೊಬ್ಬನಿರಲಿಕ್ಕಿಲ್ಲ.

ಆಗ ಬಂದ, ಡೈರೆಕ್ಟರ್ ಎಂಬ ಹುದ್ದೆಯ ಒಬ್ಬ ಹುಡುಗ. ಯಾವುದೋ ಮದುವೆಯಲ್ಲಿ ಯಮನೂರನ ಗಾದಿ ಪದ ಕೇಳಿದ್ದನಂತೆ. ಮೊಬೈಲಿನಲ್ಲಿ ಅವನದೊಂದು ಚಾನಲ್ ಇತ್ತು. ಕುಷ್ಟಗಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದ. ದನಿ ಗೋಡೆಗೆ ಬಡಿದು ವಾಪಸ್ ಬರದಂತೆ ಸುತ್ತಲೂ ಗಾದಿ ಕಟ್ಟಬೇಕಿತ್ತು. ಗಾದಿ ಕೊಟ್ಟವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಹೊಸ ಗಾದಿಗಳನ್ನು ಯಮನೂರನ ಟ್ರ್ಯಾಕ್ಟರಿನಲ್ಲಿ ಹೇರಿ, ಮೇಲೆ ತಾಡಪಾಲು ಹೊದಿಸಿ, ಸ್ವತಃ ದಾವಲಸಾಬರೇ ಹಗ್ಗ ಬಿಗಿದರು. ಕೆಮ್ಮು ಜೋರಾಗಿದ್ದರಿಂದ ಅವರು ಬರಲಿಲ್ಲ. ನನ್ನ ಕೈ ಹಿಡಿದು, "ಕಡೀ ನುಡಿ ಗಟ್ಟಿ ಎತ್ತು. ಮಷಿನ್ನಿಗೆ ಹೆದರಿ ಕೆಳಗ ಎತ್ತಬ್ಯಾಡ" ಎಂದರು. ನನ್ನ ಗಂಟಲಿನ ಬಗ್ಗೆ ಜೀವನದಲ್ಲಿ ಮೊದಲ ಸಲ ಒಬ್ಬರು 'ಗಟ್ಟಿ' ಎಂದು ಪ್ರೋತ್ಸಾಹಿಸಿದ್ದರು.

ಸ್ಟುಡಿಯೋದಲ್ಲಿ ನನಗೊಂದು ಮೈಕು ತೋರಿಸಿ "ಏನರ ಅನ್ರಿ ಅಂಕಲ್" ಎಂದ ಡೈರೆಕ್ಟರ್. ನಾನು ಅಂದೆ. ಅವನು ಕಿವಿಯ ಮೇಲಿನ ಬಟ್ಟಲುಗಳನ್ನು ಕಿತ್ತು ಬಿಸಾಕಿ, ತಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಯಮನೂರನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದ. ಯಮನೂರ ನನ್ನ ಹತ್ತಿರ ಬಂದ.

"ಕಾಕಾ, ಮೊದಲ ನಂದೊಂದ್ ರೆಕಾರ್ಡ್ ಆಗಲಿ ಅಂತಾರ. ನೀ ಎದುರಿನ ಹೊಟೇಲಿನ್ಯಾಗ ಚಾ ಕುಡದು ಕುಂದ್ರು. ಕಡೀ ನುಡಿ ಬಂದಾಗ ಕರೀತೀವಿ."

"ಮರೀಬ್ಯಾಡ."

"ಹೆಂಗ ಮರೀಲಿ ಕಾಕಾ. ನೀ ಎತ್ತಲಾರದ ನಾ ಇಳಸಾಕ ಬರತೈತೇನು."

ಶಾಸ್ತ್ರಬದ್ಧವಾದ ಮಾತು. ನಾನು ಹೋಗಿ ಕೂತೆ. ಹೊರಗೆ ಮಳೆ. ಹೊಟೇಲಿನವನು ಬಿಸಿ ಬಿಸಿ ಮಿರ್ಚಿ ಭಜಿ ಕರಿದು ತಂದು ಮುಂದಿಟ್ಟರೆ, ಗಂಟಲು ಕೆಡುತ್ತದೆಂದು ವಾಪಸ್ ಕಳಿಸಿದೆ. ನಮ್ಮ ಕಡೆ ಮಳೆಯಲ್ಲಿ ಭಜಿ ವಾಪಸ್ ಕಳಿಸುವುದೆಂದರೆ ಸನ್ಯಾಸ ತಗೊಂಡಂತೆ. ಅವನು ನನ್ನನ್ನು ಆಮೇಲೆ ಬಹಳ ಗೌರವದಿಂದ ನೋಡಿದ. ಬರೀ ಬಿಸಿನೀರು ಕುಡಿಯುತ್ತ, ಆಗಾಗ ಮೆಲ್ಲಗೆ "ಊರು ಹನುಮಸಾಗರ" ಎಂದು ಗಂಟಲು ನೋಡಿಕೊಳ್ಳುತ್ತ ಕೂತೆ. ಒಬ್ಬ ಪ್ರಯಾಣಿಕ ನಿಜವಾಗಿಯೂ ಎದ್ದು, "ಹನುಮಸಾಗರದ ಬಸ್ ಬಂತೇನ್ರಿ?" ಎಂದು ಕೇಳಿದ. ಕರೆ ಮಾತ್ರ ಬರಲಿಲ್ಲ.

ಕಡೆಗೆ ನಾನೇ ಹೋದೆ. ಗೋಡೆಗಳು ಬೋಳಾಗಿದ್ದವು, ವಾಯರು ಸುತ್ತಿಟ್ಟಿದ್ದರು. ಯಮನೂರ ಗಾದಿ ಮಡಚುತ್ತಿದ್ದ, ಬಹಳ ಶ್ರದ್ಧೆಯಿಂದ, ತಲೆ ಎತ್ತದೆ.

"ಕಡೀ ನುಡಿ?" ಎಂದೆ.

ಡೈರೆಕ್ಟರ್ ಹೇಳಿದ: "ಅದನ್ನ ಎಡಿಟಿಂಗ್‌ನ್ಯಾಗ ಸೇರಸ್ತೀವಿ ಅಂಕಲ್."

ಹಾಡದೇ ಇದ್ದ ಸಾಲನ್ನು ಎಲ್ಲಿಂದ ತಂದು ಸೇರಿಸುತ್ತೀರಿ ಎಂದು ಬೇರೆ ಊರಿನವನಾಗಿದ್ದರೆ ಕೇಳುತ್ತಿದ್ದ. ನಾನು ಕೇಳಲಿಲ್ಲ. ಕಡೀ ನುಡಿ ಇಲ್ಲದೆ ಪದ ಮುಗಿಯುತ್ತದೆ ಎಂಬುದು ನಮ್ಮ ಮ್ಯಾಳದವರ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ. ಆದ್ದರಿಂದ ನನಗೆ ಅರ್ಥವಾದದ್ದು ಒಂದೇ: ಪದ ಇನ್ನೂ ಮುಗಿದಿಲ್ಲ, ಎಡಿಟಿಂಗ್ ಎಂಬುದು ಬೇರೆ ದಿನ ಇದೆ, ಅವತ್ತು ನನ್ನನ್ನು ಕರೆಯುತ್ತಾರೆ. ದಾವಲಸಾಬರಿಗೂ ಹಾಗೇ ವರದಿ ಒಪ್ಪಿಸಿದೆ. ಅವರು, "ಎಡಿಟಿಂಗ್ ತನಕ ಮಜ್ಜಿಗಿ ಮುಟ್ಟಬ್ಯಾಡ" ಎಂದು ಅಪ್ಪಣೆ ಮಾಡಿದರು. ಮಳೆಗಾಲ ಮುಗಿದು ತೊಗರಿ ಹೂ ಬಿಡುವವರೆಗೆ ನಾನು ಮಜ್ಜಿಗೆ ಮುಟ್ಟಲಿಲ್ಲ. ಮನೆಯಲ್ಲಿ ಹೆಂಡತಿ ಕೇಳಿದರೆ "ಎಡಿಟಿಂಗ್ ಐತಿ" ಎನ್ನುತ್ತಿದ್ದೆ. ಅವಳು ಅದನ್ನೊಂದು ಕಾಯಿಲೆ ಎಂದೇ ತಿಳಿದಿದ್ದಳು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಯಾರೋ ಬಂದು, "ಗಾದಿ ಹಾಡು ಮೊಬೈಲಿನ್ಯಾಗ ಬಂದೈತಿ" ಎಂದರು. ದಾವಲಸಾಬರು ಸೂಜಿಯನ್ನು ಗಾದಿಗೆ ಚುಚ್ಚಿ, ಕೈ ಒರೆಸಿಕೊಂಡು, ಸರಿಯಾಗಿ ಕೂತರು. ಖಾಸಿಂಬಿಯೂ ಹೊಸ್ತಿಲಿಗೆ ಬಂದಳು. ನನ್ನ ಮೊಬೈಲನ್ನು ಹತ್ತಿಯ ಗಂಟಿಗೆ ಒರಗಿಸಿದೆವು.

ಮೊದಲು ಸೂರ್ಯಕಾಂತಿ ಹೊಲ ಬಂತು. ನಮ್ಮ ಪದದಲ್ಲಿ ಸೂರ್ಯಕಾಂತಿ ಇರಲಿಲ್ಲ, ಇರಲಿ. ಆಮೇಲೆ ಕಪ್ಪು ಕನ್ನಡಕದ ಯಮನೂರ ಬಂದ. ಆಮೇಲೆ ಒಬ್ಬಳು ಹುಡುಗಿ ಬಂದು, ತಂದೆ ಮಗಳನ್ನು ಕಳಿಸಿಕೊಡುವ ಪದಕ್ಕೆ ಎಲ್ಲೆಲ್ಲಿ ಸೊಂಟ ತಿರುಗಿಸಬಾರದೋ ಅಲ್ಲೆಲ್ಲ ತಿರುಗಿಸಿದಳು. ತಾಳ ಎರಡರಷ್ಟು ಓಡುತ್ತಿತ್ತು. ಆದರೂ ದನಿ ಅವನದೇ, ಮಾತು ಇವರದೇ. ದಾವಲಸಾಬರು ತೊಡೆಯ ಮೇಲೆ ಬೆರಳು ತಟ್ಟುತ್ತ, ಒಂದೊಂದು ನುಡಿಗೂ ತಲೆದೂಗುತ್ತ ಬಂದರು. ಕೊನೆಯ ನುಡಿಯ ಹಿಂದಿನ ನುಡಿ ಬಂತು. ಹುಡುಗಿ ಓಡಿದಳು. ಯಮನೂರ ಕೈ ಬೀಸಿದ. ಚಾನಲ್ಲಿನ ಗಂಟೆ ಒತ್ತಿರಿ ಎಂದು ಯಾರೋ ಹೇಳಿದರು.

"ಮುಂದ?" ಎಂದರು ದಾವಲಸಾಬರು.

"ಮುಗೀತ್ರಿ ಉಸ್ತಾದ್ರ."

"ಎಲ್ಲಿ ಮುಗೀತು. ಕಡೀ ನುಡಿ ಐತೆಲ್ಲ ಇನ್ನ." ಮೊಬೈಲ್ ಎತ್ತಿ ಕೇಳುವ ಕಿವಿಗೆ ಹಿಡಿದುಕೊಂಡರು. ಆ ಯಂತ್ರ ತನ್ನ ಪಾಡಿಗೆ ತಾನು ಇನ್ನೊಂದು ಹಾಡು ಹಚ್ಚಿತು, ಸೆರೆ ಕುಡಿದು ಹೆಂಡತಿಯಿಂದ ಒದೆ ತಿಂದವನ ಹಾಡು. ದಾವಲಸಾಬರು ಅದನ್ನೂ ಪೂರ್ತಿ ಕೇಳಿದರು. ನಡುವೆ ಎಲ್ಲಿಯಾದರೂ ತಮ್ಮ ಎರಡು ಸಾಲು ಬಂದಾವು ಎಂದು ಕಣ್ಣು ಮುಚ್ಚಿ ಕಾದರು. ಕೊನೆಗೆ ಖಾಸಿಂಬಿ, "ಕೊಡ್ರಿ ಇಲ್ಲೆ" ಎಂದು ಕಸಿದುಕೊಂಡು ನನ್ನ ಕೈಗಿಟ್ಟಳು.

"ಕೆಳಗೇನ ಬರದಾರ ಓದು ಬಸಣ್ಣ."

ಓದಿದೆ. "ಸಾಹಿತ್ಯ, ಸಂಗೀತ, ಗಾಯನ: ಗಾನಗಜ ಯಮನೂರ ಹನುಮಸಾಗರ."

"ಗಾನಗಜ ಅಂದ್ರ?"

"ಹಾಡೋ ಆನಿ ಅಂತರಿ."

ದಾವಲಸಾಬರು ಗಾದಿಗೆ ಚುಚ್ಚಿದ ಸೂಜಿ ಹುಡುಕಿ ತೆಗೆದು, ದಾರ ನೋಡಿಕೊಂಡು, "ಆನಿ ಯಾವಾಗ ಗಾದಿ ಹೊಲಿಯಾಕ ಕಲೀತು?" ಎಂದರು. ಅಷ್ಟೇ. ಅವತ್ತು ಸಂಜೆ ನಾನು ಮನೆಗೆ ಹೋಗಿ ಒಂದು ಚೆರಿಗೆ ಮಜ್ಜಿಗೆ ಕುಡಿದೆ.

ಆಮೇಲಿನದು ನಿಮಗೆ ಗೊತ್ತಿರುವ ಸಂಗತಿಯೇ. ಗಾದಿ ಹಾಡು ಟ್ರ್ಯಾಕ್ಟರಿನಲ್ಲಿ, ಮದುವೆಯಲ್ಲಿ, ಕೊಪ್ಪಳದ ಗಾಡಿಗಳಲ್ಲಿ, ಯಲಬುರ್ಗಿಯ ಕಟಿಂಗ್ ಅಂಗಡಿಗಳಲ್ಲಿ ಬಡಿಯತೊಡಗಿತು. ಯಮನೂರ ವೇದಿಕೆ ಏರಿದ, ಶಾಲು ಹೊದ್ದ, ಕಾರು ತಗೊಂಡ, ಗಂಗಾವತಿಯಲ್ಲಿ ಮನೆ ಮಾಡಿದ. ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಹೋದದ್ದರಿಂದ ಊರಿಗೂ ಹೆಮ್ಮೆ. ಬಸ್ ಸ್ಟ್ಯಾಂಡಿನಲ್ಲಿ 'ನಮ್ಮೂರ ಹುಲಿ' ಎಂದು ಬ್ಯಾನರ್ ಕಟ್ಟಿದರು. ಒಂದೇ ವರ್ಷದಲ್ಲಿ ಆನೆ ಹುಲಿಯಾದ ಈ ಪವಾಡಕ್ಕೆ ನಾನೂ ಸಾಕ್ಷಿ. ಕಡೀ ನುಡಿಯ ಮಾತು ತೆಗೆದರೆ ಹುಡುಗರು ನಗುತ್ತಿದ್ದರು. "ಕಾಕಾಗ ಹೊಟ್ಟಿಕಿಚ್ಚು. ಮೈಕು ಸಿಗಲಿಲ್ಲಲ್ಲ." ಮ್ಯಾಳದವರೂ ಒಬ್ಬೊಬ್ಬರೇ ತೆಪ್ಪಗಾದರು. ಯಮನೂರನ ಮುಂದಿನ ಹಾಡಿನಲ್ಲಿ ದಪ್ಪು ಬಡಿಯಲು ಯಾರಿಗೆ ಬೇಕಿರಲಿಲ್ಲ?

ದಾವಲಸಾಬರು ಒಮ್ಮೆಯೂ ಅವನನ್ನು ಬೈಯಲಿಲ್ಲ. ಹೊಸ ಪದ ಕಟ್ಟುವುದನ್ನು ಮಾತ್ರ ನಿಲ್ಲಿಸಿದರು. ಸುಮ್ಮನೆ ಗಾದಿ ಹೊಲಿಯುವ ದಾವಲಸಾಬರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದನ್ನು ನೋಡಲಾಗದೆ, ಬೇಸಿಗೆಯಲ್ಲಿ ಒಂದು ದಿನ ಗಂಗಾವತಿಗೆ ಹೋದೆ.

ಅಕ್ಕಿ ವ್ಯಾಪಾರಿಯೊಬ್ಬರ ಮನೆಯ ಮೇಲಿನ ಅಂತಸ್ತು. ತಣ್ಣಗಿನ ಕೋಣೆ, ಗೋಡೆಯ ತುಂಬ ಅವನವೇ ಫೋಟೋ. ಯಮನೂರ ಓಡಿ ಬಂದು ಕಾಲು ಮುಟ್ಟಿದ.

"ಉಸ್ತಾದ್ರು ಹೆಂಗದಾರ ಕಾಕಾ?"

"ಹೆಸರಿಲ್ಲದ ಅದಾರ."

ತಲೆ ತಗ್ಗಿಸಿದ. "ಹಾಡು ಉದ್ದ ಆಗತೈತಿ ಅಂದ್ರು ಕಾಕಾ."

"ಎರಡು ಸಾಲಿಗೆ? ಆ ಹುಡುಗಿ ಓಡೂದರಾಗ ನಾ ನಾಕು ಸಲ ಎತ್ತತಿದ್ದೆ."

ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. "ಖರೆ ಹೇಳ್ತೀನಿ. ಆ ಹೆಸರು ಬ್ಯಾಡ ಅಂದ್ರು. ಈಗಿನ ಕಾಲದಾಗ ಮಂದಿ ಹೆಸರು ನೋಡಿ ಹಾಡು ಕೇಳತಾರಂತ. ಹಾಡಿನ ಕೆಳಗ ಏನೇನರ ಬರೀತಾರಂತ. ಶುರೂಕ ಜಗಳ ಯಾಕ, ಮುಂದ ನೋಡೂಣು ಅಂದ್ರು. ನಾ ಏನ ಮಾಡ್ಲಿ?"

"ನಿನ್ನ ಹೆಸರು ನೋಡಲಿಲ್ಲೇನು ಅವರು?"

"ನನ್ನ ಹೆಸರಿಗೇನು?"

"ಹುಟ್ಟಿದ ಮಕ್ಕಳು ಉಳೀಲಿಲ್ಲ ಅಂತ ನಿಮ್ಮವ್ವ ಯಮನೂರಿನ ದರ್ಗಾಕ್ಕ ಹರಕಿ ಹೊತ್ತು ಹಡದ ಮಗ ನೀನು. ಹರಕಿ ಹೊರಸಿದಾಕಿ ಖಾಸಿಂಬಿ."

ಅವನ ಕಣ್ಣಲ್ಲಿ ನೀರು ಬಂತು. ಯಮನೂರನಿಗೆ ಕಣ್ಣೀರು ಸುಲಭ. ಅದೂ ಅವನ ಸ್ವಂತದ್ದೇ. ನನ್ನ ಕೈ ಹಿಡಿದುಕೊಂಡ. "ಅಲಾಯಿಗೆ ಊರಿಗೆ ಬರ್ತೀನಿ ಕಾಕಾ. ಉಸ್ತಾದ್ರ ಮನಿ ಮುಂದ, ಎಲ್ಲಾರೂ ಇರೂ ಹೊತ್ತಿನ್ಯಾಗ ಹಾಡ್ತೀನಿ. ನೀ ಎತ್ತು, ನಾ ಇಳಸ್ತೀನಿ. ಅವ್ವನ ಆಣಿ."

ಕಂಡಕ್ಟರನಾದವನು ಪ್ರಯಾಣಿಕನ ಮುಖ ನೋಡಿ ಅವನು ಎಲ್ಲಿ ಇಳಿಯುತ್ತಾನೆಂದು ಹೇಳಬಲ್ಲ ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಅವತ್ತು ನಂಬಿದೆ. ಊರಿಗೆ ಬಂದು ದಾವಲಸಾಬರಿಗೆ ಹೇಳಿದೆ. ಮರುದಿನ ಅಂಗಡಿಯಲ್ಲಿ ಅವರು ತುಟಿ ಆಡಿಸುತ್ತ ಹೊಲಿಯುತ್ತಿದ್ದುದನ್ನು ಕಂಡೆ.

ಅಲಾಯಿ ಮಳೆಗಾಲದ ಮೊದಲಲ್ಲೇ ಬಂತು. ಕೊನೆಯ ದಿನ, ಅಲಾಯಿ ದೇವರುಗಳು ಹೊಳೆಗೆ ಹೊರಡುವ ಮೊದಲು, ಮಧ್ಯಾಹ್ನದ ಹೊತ್ತಿನಲ್ಲಿ ಮ್ಯಾಳಗಳು ಓಣಿ ಓಣಿ ನಿಂತು ಹಾಡುವುದು ರೂಢಿ. ದಾವಲಸಾಬರು ಹೊಸ ರುಮಾಲು ಸುತ್ತಿ, ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಮನೂರ ಬಂದ. ಬಂದದ್ದು ನಿಜ, ಅದನ್ನು ಅಲ್ಲಗಳೆಯಲಾರೆ. ಕಾರಿನಿಂದ ಇಳಿದ, ಸುತ್ತ ಹುಡುಗರ ಕೋಟೆ, ಕೋಟೆಯ ತುಂಬ ಎತ್ತಿ ಹಿಡಿದ ಮೊಬೈಲು. ಗುರುವಿನ ಕಾಲಿಗೆ ಬಿದ್ದ. "ಅಣ್ಣಾ, ಸರಿ ಬರ್ಲಿಲ್ಲ, ಇನ್ನೊಮ್ಮಿ" ಎಂದ ಯಾವನೋ. ಇನ್ನೊಮ್ಮೆ ಬಿದ್ದ. ದಾವಲಸಾಬರು ಎರಡು ಸಲವೂ ತಲೆ ಮೇಲೆ ಕೈ ಇಟ್ಟರು.

ಆಮೇಲೆ ಹಾಡಿದ. ಹಾಳಾದವನು ಚೆನ್ನಾಗಿ ಹಾಡಿದ. ಓಡುವ ತಾಳ ಬಿಟ್ಟು, ನಮ್ಮ ಹಳೆಯ ನಡಿಗೆಯಲ್ಲೇ ಹಾಡಿದ. ಓಣಿಯ ಹೆಂಗಸರು ಸೆರಗು ಕಣ್ಣಿಗೆ ಒತ್ತಿ ನಿಂತರು. ಒಂದೊಂದು ನುಡಿಯೂ ಇಳಿಯುತ್ತ ಬಂದು, ಕೊನೆಯ ನುಡಿಯ ಹಿಂದಿನ ನುಡಿ ಮುಗಿದು, ದಪ್ಪು ಒಂದು ಕ್ಷಣ ನಿಂತಿತು. ಅದು ನನ್ನ ಜಾಗ. ಮೈಕಿಲ್ಲದೆ ಎತ್ತಿದೆ:

ಊರು ಹನುಮಸಾಗರ, ಹೊಲಿಗಿಗಿಲ್ಲ ಸವಾಲ...

ಯಮನೂರ ತಿರುಗಿ ನನ್ನನ್ನು ನೋಡಿದ. ಬಾಯಿ ಅರ್ಧ ತೆರೆದಿದ್ದ ಕೂಡ. ಆಮೇಲೆ ಸುತ್ತಲಿನ ಮೊಬೈಲುಗಳನ್ನು ನೋಡಿದ. ಮೈಕನ್ನು ಬಾಯಿಗೆ ತಂದು, ಕೈ ಮುಗಿದು, "ಎಲ್ಲಾರಿಗೂ ಶರಣು. ಚಾನಲ್ ಮರೀಬ್ಯಾಡ್ರಿ" ಎಂದ. ಸಿಳ್ಳೆ ಬಿದ್ದವು. ಹಲಗೆಗಳು ಬಡಿದವು. ಕೋಟೆ ಅವನನ್ನು ಎತ್ತಿಕೊಂಡಂತೆ ಕಾರಿನ ಕಡೆ ಸರಿಯಿತು, ಓಣಿಯ ಜನವೆಲ್ಲ ದೇವರ ಹಿಂದೆ ಹೊಳೆಯ ದಾರಿ ಹಿಡಿಯಿತು. ಎತ್ತಿದ ಸಾಲನ್ನು ಹಾಗೇ ಹೊತ್ತುಕೊಂಡು ನಾನು ನಿಂತಿದ್ದೆ.

ದಾವಲಸಾಬರು ಕೈ ಸನ್ನೆಯಿಂದ ಕರೆದರು. ಬಗ್ಗಿ ಕೇಳುವ ಕಿವಿಯ ಹತ್ತಿರ ಹೋದೆ.

"ಎತ್ತಿದೇನು?"

"ಎತ್ತಿದೆ ಉಸ್ತಾದ್ರ."

"ಅಂವ ಇಳಿಸಿದನೇನು? ಗದ್ದಲದಾಗ ನನಗ ಹತ್ತಲಿಲ್ಲ."

"ಇಲ್ರಿ."

ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಓಣಿ ಖಾಲಿಯಾಗುತ್ತಿತ್ತು. ನೆಲದ ಮೇಲೆ ತುಳಿದ ಮಂಡಕ್ಕಿ ಚೆಲ್ಲಿತ್ತು.

"ಇನ್ನೊಮ್ಮಿ ಎತ್ತು" ಎಂದರು.

"ಯಾರು ಇಳಸ್ತಾರ್ರಿ?"

"ಎತ್ತು ಅಂದೆ."

ಎತ್ತಿದೆ. ಖಾಲಿ ಓಣಿಯಲ್ಲಿ ನನ್ನ ದನಿ ನನಗೇ ಹೆಚ್ಚಾಯಿತು. ನಾನು ಇಳಿಸುವಂತಿಲ್ಲ, ಅವರು ತಮ್ಮ ಹೆಸರನ್ನು ತಾವು ಹೇಳುವಂತಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.

ಹೊಸ್ತಿಲಲ್ಲಿ ಖಾಸಿಂಬಿ ನಿಂತಿದ್ದಳು. ಈ ಹೆಂಗಸು ಮದುವೆಯಾದ ದಿನದಿಂದ ಗಂಡನನ್ನು 'ಇವ್ರು' ಎಂದವಳು. ರೇಶನ್ ಅಂಗಡಿಯಲ್ಲಿ ಯಜಮಾನನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರ ಕೈಯಲ್ಲಿ ಹೇಳಿಸುತ್ತಿದ್ದಳು. ಅವಳು ಸೆರಗು ಸರಿಮಾಡಿಕೊಂಡು, ನಮ್ಮಿಬ್ಬರನ್ನೂ ನೋಡದೆ, ಎದುರು ಗೋಡೆಗೆ ಹೇಳುವವಳಂತೆ, ಒಡಕು ದನಿಯಲ್ಲಿ ಹಾಡಿದಳು:

ಕಡಿ ದಾರಕ ಗಂಟ ಹಾಕ್ಯಾನ ಪಿಂಜಾರ ದಾವಲ.

ದಾವಲಸಾಬರು ರುಮಾಲನ್ನು ಮತ್ತೆ ಸುತ್ತಿಕೊಂಡರು, ಗಂಟಲು ಸರಿಮಾಡಿಕೊಂಡರು.

"ನಡುವ ತಾಳ ತಪ್ಪಿದಿ" ಎಂದರು.

"ತಪ್ಪಲಿ ಬಿಡ್ರಿ. ಹೆಸರು ತಪ್ಪಲಿಲ್ಲಲ್ಲ. ಏಳ್ರಿ ಇನ್ನ, ಮಳಿ ಬರತೈತಿ" ಎಂದು ಖಾಸಿಂಬಿ ಅವರನ್ನೆಬ್ಬಿಸಿ, ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.